ಮಾರಿಯೂ ಮಹಜರೂ

ಕನ್ನಡ ವಿಮರ್ಶೆಗೆ ರೋಗ ಅಂದ ಕೂಡಲೇ ರೂಪಕ ನೆನಪಾಗುತ್ತದೆ. 2020ರಲ್ಲಿ ಕೊರೊನಾ ಬಂದಾಗಲೂ ಹೀಗೇ ಆಯಿತು. ಕವಿತೆ, ಅಂಕಣ, ಮೊಬೈಲಿನಲ್ಲಿ ಕೇಳುವ ಉಪನ್ಯಾಸ, ಎಲ್ಲವೂ ಸಾಲುಗಟ್ಟಿ ಬಂದವು. ಕಾಮೂನ 'ಪ್ಲೇಗ್' ಮತ್ತೆ ಕಪಾಟಿನಿಂದ ಕೆಳಗಿಳಿಯಿತು. ಮನುಷ್ಯನ ಒಂಟಿತನ, ಸಾವಿನ ಎದುರು ಅಹಂಕಾರದ ಸೋಲು, ಪ್ರಕೃತಿಯ ಮುನಿಸು ಇವೇ ಮಾತುಗಳು. ಬಡವ ಬಲ್ಲಿದ ಎನ್ನದೆ ಎಲ್ಲರನ್ನೂ ಒಂದೇ ತಕ್ಕಡಿಯಲ್ಲಿ ತೂಗುವ ವೈರಾಣು ಎಂದು ಬರೆದವರಲ್ಲಿ ನಾವು ಗೌರವಿಸುವ ಹಿರಿಯರೂ ಇದ್ದರು. ಅವರ ಒಳ್ಳೆಯತನದ ಬಗ್ಗೆ ನನಗೆ ಅನುಮಾನವಿಲ್ಲ. ಆದರೆ ಈ ಮಾತು ಯಾವ ಬೀದಿಯಲ್ಲಿ ನಿಂತು ಆಡಿದ್ದು ಅನ್ನೋದನ್ನ ಕೇಳಲೇಬೇಕು.

ಯಾಕೆಂದರೆ ಕೊಳ್ಳೇಗಾಲ, ಹನೂರು, ಯಳಂದೂರು ಕಡೆಯ ಕೇರಿಗಳಿಗೆ ಅದು ಮೊದಲು ರೋಗವಾಗಿ ಬರಲೇ ಇಲ್ಲ. ಪೋಲೀಸಾಗಿ ಬಂತು. ಇದನ್ನು ಅಲಂಕಾರಕ್ಕೆ ಹೇಳುತ್ತಿಲ್ಲ. 2020ರ ಮಾರ್ಚ್ 25ರಿಂದ ದೇಶಕ್ಕೆಲ್ಲ ಬೀಗ ಬಿತ್ತು. ಚಾಮರಾಜನಗರ ಜಿಲ್ಲೆಯಲ್ಲಿ ಜೂನ್ ತಿಂಗಳ ಎರಡನೇ ವಾರದವರೆಗೆ ಒಂದೂ ಸೋಂಕು ದಾಖಲಾಗಿರಲಿಲ್ಲ. ರಾಜ್ಯದ ಜಿಲ್ಲೆಗಳಲ್ಲಿ ಕೊನೆಯವರೆಗೂ ಹಸಿರು ವಲಯದಲ್ಲಿ ಉಳಿದದ್ದು ಇದೇ. ಅಂದರೆ ಹತ್ತು ವಾರಕ್ಕೂ ಮೇಲೆ ಇಲ್ಲಿ ಕಾಯಿಲೆ ಇರಲಿಲ್ಲ, ಕಾಯಿಲೆಯ ಕಾನೂನು ಇತ್ತು. ನಮ್ಮ ಕಡೆಯ ಒಬ್ಬ ಅಜ್ಜಿ ಆಗ ಅಂದದ್ದು: "ಕಾಯ್ಲ ಎಲ್ಲದನೋ ನಾ ಕಾಣಿ ಕನಪ್ಪ, ಪೋಲೀಸ್ನವ್ರು ಮಾತ್ರ ದಿನಾಲೂ ಬತ್ತಾವ್ರ." ಆ ವರ್ಷ ಕನ್ನಡದಲ್ಲಿ ಬಂದ ಯಾವ ಕೊರೊನಾ ಕವಿತೆಗಿಂತಲೂ ಈ ಮಾತು ನಮ್ಮ ತಾಲ್ಲೂಕುಗಳ ಸ್ಥಿತಿಯನ್ನು ಸರಿಯಾಗಿ ಓದಿತ್ತು.

ಸಾಂಕ್ರಾಮಿಕದ ಕಾಲದಲ್ಲಿ ಅಪರಾಧ ಅನ್ನೋ ಹೆಸರು ಯಾರ ಮೈಮೇಲೆ ಕೂರುತ್ತದೆ, ಯಾರ ಮೈಮೇಲಿಂದ ಎದ್ದುಹೋಗುತ್ತದೆ ಎಂಬ ಪ್ರಶ್ನೆಯನ್ನು ದಲಿತ ವಿಮರ್ಶೆ ತನ್ನ ಪ್ರಶ್ನೆ ಮಾಡಿಕೊಳ್ಳಬೇಕು ಎಂಬುದು ನನ್ನ ವಾದ. ಇದನ್ನು ಸಮಾಜಶಾಸ್ತ್ರದವರಿಗೋ ವಕೀಲರಿಗೋ ಬಿಟ್ಟುಕೊಟ್ಟು ನಾವು ಪ್ರತಿಮೆಗಳನ್ನು ಹೆಕ್ಕುತ್ತ ಕೂರಬೇಕಾಗಿಲ್ಲ. ಹೆಸರಿಡುವುದು ಭಾಷೆಯ ಕೆಲಸ. ಭಾಷೆ ನಮ್ಮ ಕಸುಬು.

ಮೊದಲು ಒಂದು ಸಣ್ಣ ಪಠ್ಯವನ್ನು ಓದೋಣ. 1897ರ ಸಾಂಕ್ರಾಮಿಕ ರೋಗಗಳ ಕಾಯ್ದೆ. ಮುಂಬಯಿ ಪ್ಲೇಗಿನ ಗಾಬರಿಯಲ್ಲಿ ಬ್ರಿಟಿಷರು ತಂದದ್ದು. ಮೂಲದಲ್ಲಿ ನಾಲ್ಕೇ ಕಲಮು. ಒಂದು ಹೆಸರು, ಎರಡನೆಯದು ಸರ್ಕಾರಕ್ಕೆ ಅಧಿಕಾರ. ಮೂರನೆಯದರ ಪ್ರಕಾರ ಆಜ್ಞೆ ಮೀರಿದವರು ದಂಡಸಂಹಿತೆಯ 188ನೇ ಕಲಮಿನ ಅಪರಾಧಿಗಳು. ನಾಲ್ಕನೆಯದರ ಪ್ರಕಾರ ಈ ಕಾಯ್ದೆಯಡಿ ಸದ್ಭಾವನೆಯಿಂದ ಏನೇ ಮಾಡಿದವರ ಮೇಲೂ ದಾವೆ ಹೂಡುವ ಹಾಗಿಲ್ಲ. ರೋಗಿಗೆ ಔಷಧಿ ಕೊಡಬೇಕು, ಬೀಗ ಹಾಕಿದ ಮನೆಗೆ ಗಂಜಿ ಮುಟ್ಟಿಸಬೇಕು, ಕೂಲಿ ತಪ್ಪಿದವನಿಗೆ ಏನಾದರೂ ಕೊಡಬೇಕು ಎಂಬ ಒಂದು ಸಾಲೂ ಇಡೀ ಕಾಯ್ದೆಯಲ್ಲಿಲ್ಲ. ಎರಡು ಪಾತ್ರಗಳಿರುವ ಕಥೆ ಇದು. ಒಬ್ಬ ಆಜ್ಞೆ ಮೀರುವವನು, ಇನ್ನೊಬ್ಬ ಸದ್ಭಾವನೆಯವನು. ಮೊದಲನೆಯವನ ಮನಸ್ಸಿನಲ್ಲಿ ಏನಿತ್ತು ಅಂತ ಯಾರೂ ಕೇಳುವುದಿಲ್ಲ. ಎರಡನೆಯವನ ಮನಸ್ಸು ಒಳ್ಳೆಯದೆಂದು ಕಾಯ್ದೆಯೇ ಮೊದಲು ನಂಬಿಕೊಂಡಿದೆ.

ಈ ಕಾಯ್ದೆ ಹುಟ್ಟಿದಾಗ ನಮ್ಮ ಮೂರು ತಾಲ್ಲೂಕುಗಳು ಒಂದೇ ಆಳ್ವಿಕೆಯಲ್ಲಿ ಇರಲಿಲ್ಲ. ಕೊಳ್ಳೇಗಾಲ, ಅದರೊಳಗೇ ಇದ್ದ ಹನೂರು ಸೀಮೆ, ಎರಡೂ ಮದ್ರಾಸು ಪ್ರಾಂತ್ಯದ ಕೊಯಮತ್ತೂರು ಜಿಲ್ಲೆ. 1956ರವರೆಗೂ ಹಾಗೇ. ಯಳಂದೂರು ಮೈಸೂರು ಸಂಸ್ಥಾನದೊಳಗೆ ದಿವಾನ್ ಪೂರ್ಣಯ್ಯನವರಿಗೆ ಕೊಟ್ಟ ಜಹಗೀರು. ಆಡಳಿತ ಬೇರೆ ಬೇರೆ, ಆದರೆ ಪ್ಲೇಗಿನ ಹೆಸರಲ್ಲಿ ಮನೆ ಹೊಕ್ಕು ತಪಾಸಣೆ ಮಾಡುವ ದರ್ಪ ನದಿಯ ಎರಡೂ ದಂಡೆಯಲ್ಲಿ ಒಂದೇ. 1898ರಲ್ಲಿ ಶ್ರೀರಂಗಪಟ್ಟಣದ ಪಕ್ಕದ ಗಂಜಾಂನಲ್ಲಿ ಪ್ಲೇಗ್ ಕ್ರಮಗಳ ವಿರುದ್ಧ ಜನ ತಿರುಗಿಬಿದ್ದರು, ಗುಂಡು ಹಾರಿತು. ಪುಣೆಯಲ್ಲಿ ಅದಕ್ಕೆ ಹಿಂದಿನ ವರ್ಷ ಚಾಪೇಕರ್ ಸಹೋದರರು ಪ್ಲೇಗ್ ಅಧಿಕಾರಿ ರ‍್ಯಾಂಡ್‌ನ ಮೇಲೆ ಗುಂಡು ಹಾರಿಸಿದರು. ರಾಷ್ಟ್ರೀಯ ಚರಿತ್ರೆ ಅದನ್ನು ಶೌರ್ಯ ಎಂದು ಬರೆದುಕೊಂಡಿತು. ಅದೇ ಪುಣೆಯಲ್ಲಿ, ಅದೇ 1897ರ ಮಾರ್ಚ್ 10ರಂದು, ಪ್ಲೇಗ್ ರೋಗಿಗಳ ಆರೈಕೆ ಮಾಡುತ್ತಲೇ ಸಾವಿತ್ರಿಬಾಯಿ ಫುಲೆ ತೀರಿಕೊಂಡರು. ಆ ಸಾವು ಪಠ್ಯಪುಸ್ತಕಕ್ಕೆ ಬರಲು ಎಷ್ಟು ಕಾಲ ಹಿಡಿಯಿತು ಅಂತ ನಮಗೆಲ್ಲ ಗೊತ್ತು.

ಇನ್ನು ಕನ್ನಡದ ಪಠ್ಯಗಳಿಗೆ ಬರುತ್ತೇನೆ. ನಮ್ಮ ಕಾಲದಲ್ಲಿ ಪ್ಲೇಗನ್ನು ಕುರಿತ ಅತ್ಯಂತ ಪ್ರಸಿದ್ಧ ಕನ್ನಡ ಕಾದಂಬರಿ ಯು.ಆರ್. ಅನಂತಮೂರ್ತಿಯವರ 'ಸಂಸ್ಕಾರ', 1965ರದು. ಅದರಲ್ಲಿ ಒಂದು ಹೆಣವಿದೆ. ನಾರಣಪ್ಪನ ಹೆಣ. ಅದಕ್ಕೆ ಸಂಸ್ಕಾರ ಮಾಡಬೇಕಾದವರು ಯಾರು ಅನ್ನೋದು ಇಡೀ ಅಗ್ರಹಾರದ ಪ್ರಶ್ನೆ. ಪ್ರಾಣೇಶಾಚಾರ್ಯರು ಗ್ರಂಥ ತೆಗೆಯುತ್ತಾರೆ, ಮಾರುತಿಯ ಗುಡಿಗೆ ಹೋಗುತ್ತಾರೆ, ಹಸಿದ ಬ್ರಾಹ್ಮಣರು ಕಾಯುತ್ತಾರೆ. ಇಲಿ ಸಾಯುತ್ತವೆ, ಹದ್ದು ಬಂದು ಮಾಡಿನ ಮೇಲೆ ಕೂರುತ್ತವೆ. ಅಷ್ಟರಲ್ಲಿ ಹೊಲಗೇರಿಯಲ್ಲೂ ಜನ ಸಾಯುತ್ತಿದ್ದಾರೆ. ಬೆಳ್ಳಿಯ ಅಪ್ಪ ಅವ್ವ ಸಾಯುತ್ತಾರೆ. ಹೆಣದ ಸಮೇತ ಗುಡಿಸಲಿಗೆ ಬೆಂಕಿ ಇಡುತ್ತಾರೆ. ಕಾದಂಬರಿ ಕೆಲವೇ ಸಾಲುಗಳಲ್ಲಿ ಮುಂದೆ ಹೋಗುತ್ತದೆ.

ಈ ಅಂತರವನ್ನು ಗುರುತಿಸಿದವರಲ್ಲಿ ನಾನು ಮೊದಲಿಗನಲ್ಲ. ಅಗ್ರಹಾರದ ಕಣ್ಣಿನಿಂದ ಕಾಣುವ ಕಾದಂಬರಿ, ಆ ಕಣ್ಣಿಗೆ ಕೇರಿ ದೂರದ ಬೆಂಕಿಯಾಗಿಯೇ ಕಾಣುವುದು, ಅದೂ ಒಂದು ಟೀಕೆಯೇ ಅಂತ ವಾದಿಸಬಹುದು. ಆ ವಾದವನ್ನು ತಳ್ಳಿಹಾಕುವುದಿಲ್ಲ. ನನಗೆ ಕಾಡುವುದು ಬೇರೆ. 'ಸಂಸ್ಕಾರ'ದಲ್ಲಿ ಸಾಂಕ್ರಾಮಿಕ ಇದೆ, ಠಾಣೆ ಇಲ್ಲ. ನ್ಯಾಯ ಹುಡುಕುವುದು ಶಾಸ್ತ್ರದಲ್ಲಿ. ಆಚಾರ್ಯರಿಗೆ ತಾವೇ ತಪ್ಪು ಮಾಡಿ ತಾವೇ ವಿಚಾರಣೆ ನಡೆಸಿ ತಾವೇ ತೀರ್ಪಿಗಾಗಿ ಒದ್ದಾಡುವ ಅವಕಾಶವಿದೆ. ಆತ್ಮಶೋಧನೆ ಅಂತ ನವ್ಯ ವಿಮರ್ಶೆ ಮೆಚ್ಚಿದ್ದು ಈ ಅವಕಾಶವನ್ನೇ. ಕೇರಿಯವನಿಗೆ ಪಾಪದ ಬಗ್ಗೆ ಯೋಚಿಸುವಷ್ಟು ಪುರುಸೊತ್ತೂ ಸಿಗುವುದಿಲ್ಲ. ಅಷ್ಟರೊಳಗೆ ಅಪರಾಧ ಅವನ ಬಾಗಿಲಿಗೆ ಬಂದಿರುತ್ತದೆ.

ಅದನ್ನು ತೋರಿಸಿದ್ದು ದೇವನೂರ ಮಹಾದೇವರ 'ಒಡಲಾಳ'. 1970ರ ದಶಕದ ಕೊನೆಯ ಕೃತಿ. ಇಲ್ಲಿ ಸಾಂಕ್ರಾಮಿಕ ಇಲ್ಲ, ಪೋಲೀಸರಿದ್ದಾರೆ. ಕಥೆ ನಮ್ಮ ಓದುಗರಿಗೆಲ್ಲ ಗೊತ್ತಿರುವಂಥದ್ದೇ. ಸಾಕವ್ವನ ಹುಂಜ ಕಳೆದುಹೋಗಿದೆ. ರಾತ್ರಿ ಆ ಮನೆಯವರು ಸಾಹುಕಾರನ ಕಡಲೆಕಾಯಿಯನ್ನು ಸುತ್ತ ಕೂತು ತಿನ್ನುತ್ತಾರೆ. ಸಿಪ್ಪೆ ಒಲೆಯ ಬೆಂಕಿಗೆ ಹೋಗುತ್ತದೆ. ಬೆಳಗಾದರೆ ಪೋಲೀಸರು.

ಈ ಕೃತಿಯ ಬಗ್ಗೆ ಬಂದ ವಿಮರ್ಶೆಯನ್ನೆಲ್ಲ ಒಟ್ಟಿಗೆ ಇಟ್ಟುಕೊಂಡು ನೋಡಿದರೆ ಒಂದು ಮಾತು ಮತ್ತೆ ಮತ್ತೆ ಸಿಗುತ್ತದೆ. ಜೀವಶಕ್ತಿ. ಹಸಿವಿನ ನಡುವೆಯೂ ಉಕ್ಕುವ ಚೈತನ್ಯ, ಸಾಕವ್ವನ ಮಾತಿನ ಸೊಗಡು, ಪುಟ್ಟಗೌರಿ ಗೋಡೆಯ ಮೇಲೆ ಬರೆಯುವ ನವಿಲು. ಎಲ್ಲವೂ ನಿಜ. ನವಿಲು ನನಗೂ ಇಷ್ಟ. ಆದರೆ ಜೀವಶಕ್ತಿ ಜೀವಶಕ್ತಿ ಅಂತ ಹಾಡುತ್ತ ಹಾಡುತ್ತ ವಿಮರ್ಶೆ ಆ ಪೋಲೀಸರ ದೃಶ್ಯವನ್ನು ಹಾಸ್ಯದ ಪ್ರಸಂಗವೆಂದು ದಾಟಿಬಿಟ್ಟಿತು. ಆ ದೃಶ್ಯದಲ್ಲಿ ಒಂದು ಲೆಕ್ಕ ಇದೆ. ಸಾಕವ್ವ ತನ್ನ ಹುಂಜವನ್ನು ತಾನೇ ಹುಡುಕಿಕೊಂಡು ಅಲೆಯಬೇಕು. ಸಾಹುಕಾರನ ಕಡಲೆಕಾಯಿ ಹುಡುಕಲು ಸರ್ಕಾರ ಬರುತ್ತದೆ. ಎರಡೂ ಕಳೆದುಹೋದ ವಸ್ತುಗಳೇ. ಒಂದು ಬರೀ ನಷ್ಟ, ಇನ್ನೊಂದು ಪ್ರಕರಣ. ಒಡಲಾಳವನ್ನು ಮಹಜರಿನ ಹಾಗೆ ಓದಿದರೆ ಮಾತ್ರ ಈ ವ್ಯತ್ಯಾಸ ಕಣ್ಣಿಗೆ ಹೊಡೆಯುತ್ತದೆ. ಯಾವ ವಸ್ತು, ಯಾರ ವಶದಲ್ಲಿ, ಯಾವ ಜಾಗದಲ್ಲಿ, ಯಾರ ಸಮಕ್ಷಮ ಅಂತ ನೋಡುತ್ತ ಹೋಗಬೇಕು.

ತರಗತಿಯಲ್ಲಿ ಇದನ್ನು ಓದಿಸುವಾಗ ಹನೂರು ಕಡೆಯ ಒಬ್ಬ ಹುಡುಗ ಎದ್ದು ಕೇಳಿದ: "ಸಾ, ಕಳ್ಳೆಕಾಯಿ ತಿಂದವ್ರ್ಗೆ ಸೆಕ್ಸನ್ ಅದ. ಉಪಾಸ ಕೆಡವ್ದವ್ರ್ಗೆ ಯಾವ್ ಸೆಕ್ಸನ್ನು ಸಾ?" ಉಳಿದವರು ನಕ್ಕರು. ಅವನು ನಗಲಿಲ್ಲ. 2020ರಲ್ಲಿ ಅವನು ಪ್ರೌಢಶಾಲೆಯಲ್ಲಿದ್ದ, ಅವರಪ್ಪ ಬೆಂಗಳೂರಿನಲ್ಲಿ ಗಾರೆ ಕೆಲಸಕ್ಕೆ ಹೋಗಿ ಅಲ್ಲೇ ಸಿಕ್ಕಿಕೊಂಡಿದ್ದ ಅಂತ ಆಮೇಲೆ ಗೊತ್ತಾಯಿತು.

ಹೀಗೆ ನಮ್ಮ ಸಾಹಿತ್ಯದಲ್ಲಿ ಒಂದು ಕಡೆ ಠಾಣೆಯಿಲ್ಲದ ಸಾಂಕ್ರಾಮಿಕ, ಇನ್ನೊಂದು ಕಡೆ ಸಾಂಕ್ರಾಮಿಕವಿಲ್ಲದ ಠಾಣೆ. 2020 ಮತ್ತು 2021ರಲ್ಲಿ ನಡೆದದ್ದನ್ನು ಓದಬೇಕಾದರೆ ಈ ಎರಡೂ ಪುಸ್ತಕಗಳನ್ನು ಒಟ್ಟಿಗೆ ತೆರೆದಿಟ್ಟುಕೊಳ್ಳಬೇಕು.

ರಾಷ್ಟ್ರೀಯ ಅಪರಾಧ ದಾಖಲೆಗಳ ಸಂಸ್ಥೆಯ 2020ರ ವರದಿ ತೆಗೆದು ನೋಡಿ. ದೇಶದಲ್ಲಿ ಒಟ್ಟು ದಾಖಲಾದ ಅಪರಾಧಗಳು ಹಿಂದಿನ ವರ್ಷಕ್ಕಿಂತ ಶೇಕಡ 28ರಷ್ಟು ಹೆಚ್ಚು. ಮನುಷ್ಯರು ಅಷ್ಟು ಕೆಟ್ಟುಹೋದರೇ? ಇಲ್ಲ. ಕಳ್ಳತನ, ದರೋಡೆ ಕಡಿಮೆಯಾಗಿವೆ. ಎಲ್ಲರೂ ಮನೆಯಲ್ಲಿದ್ದಾಗ ಯಾರ ಮನೆಗೆ ನುಗ್ಗೋದು? ಏರಿದ್ದು 188ನೇ ಕಲಮು. 2019ರಲ್ಲಿ 29,469 ಇದ್ದ ಪ್ರಕರಣಗಳು 2020ರಲ್ಲಿ 6,12,179. ಒಂದೇ ವರ್ಷದಲ್ಲಿ ಇಪ್ಪತ್ತು ಪಟ್ಟು. ಹೊರಗೆ ಕಾಲಿಟ್ಟದ್ದೇ ಅಪರಾಧವಾದಾಗ ಕೂಲಿಗೆ, ಸೌದೆಗೆ, ನೀರಿಗೆ ಹೊರಗೆ ಕಾಲಿಡಲೇಬೇಕಾದವನು ಅಪರಾಧಿ. ಒಳಗೆ ಕೂತು ಸಂಬಳ ಬರುವವನು ಕಾನೂನುಪಾಲಕ.

188ರ ಶಿಕ್ಷೆ ಕಾಗದದ ಮೇಲೆ ಬಹಳ ಸಣ್ಣದು. ಒಂದು ತಿಂಗಳು ಸಾದಾ ಸಜೆ ಅಥವಾ ಇನ್ನೂರು ರೂಪಾಯಿ ದಂಡ. ಪ್ರಾಣಕ್ಕೆ ಆಪತ್ತಾಗುವಂತಿದ್ದರೆ ಆರು ತಿಂಗಳು, ಸಾವಿರ ರೂಪಾಯಿ. ಅದೂ ನ್ಯಾಯಾಲಯ ಪ್ರಕರಣ ಕೈಗೆತ್ತಿಕೊಳ್ಳಬೇಕಾದರೆ ಆಜ್ಞೆ ಹೊರಡಿಸಿದ ಅಧಿಕಾರಿಯ ಲಿಖಿತ ದೂರು ಬೇಕು. ಆದರೆ ಶಿಕ್ಷೆ ನ್ಯಾಯಾಲಯದವರೆಗೆ ಹೋಗಲೇ ಇಲ್ಲ. ಲಾಠಿ, ಬಸ್ಕಿ, ಕಿತ್ತಿಟ್ಟ ಬೈಕಿನ ಕೀಲಿ ಇವೆಲ್ಲ ರಸ್ತೆಯಲ್ಲೇ ತೀರ್ಮಾನ. ಮಹಜರಿಲ್ಲ, ತೀರ್ಪಿಲ್ಲ, ಮೇಲ್ಮನವಿಯಿಲ್ಲ. ಕೊಳ್ಳೇಗಾಲದ ರೇಷ್ಮೆ ಮಗ್ಗಗಳು ನಿಂತವು, ಕೂಲಿ ನಿಂತಿತು, ಬೈಕು ಬಿಡಿಸಿಕೊಳ್ಳಲು ಓಡಾಡಿದ ದಿನಗಳ ಲೆಕ್ಕ ಯಾವ ವರದಿಯಲ್ಲೂ ಇಲ್ಲ. ಈಗ ದಂಡಸಂಹಿತೆಯೇ ಹೋಗಿ 2024ರ ಜುಲೈ 1ರಿಂದ ಭಾರತೀಯ ನ್ಯಾಯ ಸಂಹಿತೆ ಬಂದಿದೆ. 188 ಅದರಲ್ಲಿ 223 ಆಗಿ ಕೂತಿದೆ. ಅಂಕಿ ಬದಲಾಯಿತು, ಜಾಗ ಹಾಗೇ ಇದೆ.

ಅದೇ ವರದಿಯಲ್ಲಿ ಇನ್ನೊಂದು ಸಾಲು. ಪರಿಶಿಷ್ಟ ಜಾತಿಗಳ ಮೇಲಿನ ಅಪರಾಧ 2019ರಲ್ಲಿ 45,961. 2020ರಲ್ಲಿ 50,291. ದೇಶವೆಲ್ಲ ಬಾಗಿಲು ಹಾಕಿಕೊಂಡ ವರ್ಷ ಶೇಕಡ 9.4ರಷ್ಟು ಏರಿಕೆ. ಕಳ್ಳನಿಗೂ ಹೊರಗೆ ಬರಲಾಗದ ಕಾಲದಲ್ಲಿ ಜಾತಿಗೆ ಮಾತ್ರ ಪಾಸು ಸಿಕ್ಕಿತ್ತು. ಇದರಲ್ಲಿ ಆಶ್ಚರ್ಯ ಪಡುವವರು ಹಳ್ಳಿಯನ್ನು ನೋಡಿಲ್ಲ ಅಂತ ಅರ್ಥ. ಪೇಟೆಯಲ್ಲಿ ಜಾತಿ ಸ್ವಲ್ಪ ಮರೆಯಾಗಿದ್ದವನು ಊರಿಗೆ ವಾಪಸು ಬಂದ, ಬಂದವನಿಗೆ ಊರು ಅವನ ಹಳೆಯ ಜಾಗ ತೋರಿಸಿತು. ಕೆಲಸವಿಲ್ಲ, ಬಸ್ಸಿಲ್ಲ, ದೂರು ಕೊಡಲು ಹೋದರೆ ಹೊರಗೆ ಬಂದದ್ದೇ ದೂರು.

ಊರಿನ ಬಾಯಿಗೆ ಮುಳ್ಳುಬೇಲಿ ಹಾಕಿದ್ದನ್ನು ಆ ವರ್ಷದ ಮಾರ್ಚ್-ಏಪ್ರಿಲ್‌ನಲ್ಲಿ ಕರ್ನಾಟಕದ ಎಷ್ಟೋ ಹಳ್ಳಿಗಳಲ್ಲಿ ನೋಡಿದ್ದೇವೆ. ಪತ್ರಿಕೆಗಳು ಜನರ ಜಾಗೃತಿ ಎಂದು ಹೊಗಳಿದವು. ಹೊರಗಿನವರು ಬರಕೂಡದು, ಬಂದರೆ ಇಷ್ಟು ದಂಡ ಅಂತ ಡಂಗುರ. ತಮಟೆ ಬಡಿದ ಕೈ ಯಾವ ಕೇರಿಯದು ಅಂತ ಪತ್ರಿಕೆ ಬರೆಯಲಿಲ್ಲ. ಹಳೇ ಮೈಸೂರಿನ ಗ್ರಾಮವ್ಯವಸ್ಥೆಯಲ್ಲಿ ತೋಟಿ, ತಳವಾರ, ಕುಳವಾಡಿ ಅಂತ ಕಾವಲಿನ ಕೆಲಸವನ್ನು ಕೆಳಗಿನವರ ಹೆಗಲಿಗೆ ಕಟ್ಟಿದ್ದು, ಅಧಿಕಾರವನ್ನು ಮಾತ್ರ ಮೇಲೆ ಇಟ್ಟುಕೊಂಡದ್ದು ನಮಗೆ ಗೊತ್ತೇ ಇದೆ. ಮಾರಿಯ ವಿಷಯದಲ್ಲೂ ಅದೇ ಏರ್ಪಾಡು. ಸಿಡುಬು, ಪ್ಲೇಗು, ಕಾಲರಾ ಬಂದರೆ ಮಾರಮ್ಮನನ್ನು ಪೂಜಿಸಿ ಊರ ಎಲ್ಲೆ ದಾಟಿಸಬೇಕು. ಹಬ್ಬ ಊರಿನದು, ತಮಟೆ ಕೇರಿಯದು, ಎಲ್ಲೆಯವರೆಗೆ ಹೊತ್ತು ಹೋಗುವವನೂ ಕೇರಿಯವನು. ದೇವನೂರರ 'ಅಮಾಸ' ಕಥೆಯ ಹುಡುಗ ಮಾರಿಗುಡಿಯಲ್ಲೇ ಬೆಳೆಯುವುದು ಸುಮ್ಮನೆ ಸಿಕ್ಕ ವಿವರವಲ್ಲ. ರೋಗದ ದೇವತೆಯ ಪಕ್ಕದಲ್ಲಿ ಮಲಗುವವನು ಯಾರು ಅನ್ನೋದನ್ನ ಆ ಕಥೆ ಹೇಳದೆಯೇ ಹೇಳುತ್ತದೆ. ಕೊರೊನಾ ಕಾಲದಲ್ಲಿ ಪೌರಕಾರ್ಮಿಕರಿಗೆ ಹೂ ಎರಚಿದ್ದನ್ನು ನೋಡುವಾಗ ನನಗೆ ಈ ಹಬ್ಬ ನೆನಪಾಗುತ್ತಿತ್ತು.

ಪೋಲೀಸರ ಭಯ ಈ ಸೀಮೆಗೆ, ಅದರಲ್ಲೂ ಹನೂರು ಕಡೆಗೆ, 2020ರಲ್ಲಿ ಹೊಸದಾಗಿ ಬಂದದ್ದಲ್ಲ. ಮಲೆ ಮಹದೇಶ್ವರ ಬೆಟ್ಟದ ಸುತ್ತಿನ ಹಳ್ಳಿಗಳು, ಸೋಲಿಗರ ಪೋಡುಗಳು ವೀರಪ್ಪನ್ ಬೇಟೆಯ ಕಾಲದಲ್ಲಿ ವಿಶೇಷ ಕಾರ್ಯಪಡೆಯನ್ನು ಕಂಡವು. ಟಾಡಾ ಹೆಸರಲ್ಲಿ ಎಷ್ಟೋ ಬಡವರು ವರ್ಷಗಟ್ಟಲೆ ಮೈಸೂರು ಜೈಲಿನಲ್ಲಿ ಕೊಳೆತರು. 2001ರಲ್ಲಿ ನ್ಯಾಯಾಲಯ ಅವರಲ್ಲಿ ಬಹುತೇಕರನ್ನು ಬಿಟ್ಟಿತು. ಹೋದ ವರ್ಷಗಳನ್ನು ಯಾರು ಕೊಡುತ್ತಾರೆ? ದೌರ್ಜನ್ಯದ ದೂರುಗಳನ್ನು ಕೇಳಲು ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗ 1999ರಲ್ಲಿ ನ್ಯಾಯಮೂರ್ತಿ ಎ.ಜೆ. ಸದಾಶಿವ ಅವರ ಸಮಿತಿ ನೇಮಿಸಿತು. ಜನ ಎದುರು ನಿಂತು ಹೇಳಿದರು. 2007ರಲ್ಲಿ 89 ಜನರಿಗೆ ಪರಿಹಾರ ಎಂದಾಯಿತು. ಪಾಲಾರ್ ಚೆಕ್‌ಪೋಸ್ಟಿನಲ್ಲಿ ಮತ್ತೆ ಅಡ್ಡಗಂಬ ಬಿದ್ದಾಗ ಇಲ್ಲಿನ ವಯಸ್ಸಾದವರಿಗೆ ನೆನಪಾದದ್ದು ವೈರಾಣು ಇರಲಾರದು. ಸಾಂಕ್ರಾಮಿಕದ ಪೋಲೀಸಿಕೆ ಬರಿಯ ನೆಲದ ಮೇಲೆ ಇಳಿಯುವುದಿಲ್ಲ. ಆ ನೆಲಕ್ಕೆ ಮೊದಲೇ ಗೊತ್ತಿರುವ ಬೂಟಿನ ಗುರುತಿನ ಮೇಲೇ ಇಳಿಯುತ್ತದೆ.

ನ್ಯಾಯಾಲಯದ ಕಥೆ ಬೇರೆ. ಪೋಲೀಸರು ಹೆಚ್ಚಾದಾಗ ಕೋರ್ಟು ಕಡಿಮೆಯಾಯಿತು. 2020ರ ಮಾರ್ಚಿ ಕೊನೆಯಿಂದ ಕೆಳಗಿನ ಕೋರ್ಟುಗಳ ಸಾಮಾನ್ಯ ಕಲಾಪ ನಿಂತಿತು. ಆಮೇಲೆ ವಿಡಿಯೋ ವಿಚಾರಣೆ, ಸರದಿಯ ಮೇಲೆ ಪ್ರಕರಣ. ದಾವೆ ಹೂಡುವ ಅವಧಿ ಮೀರಿದವರಿಗೆ ತೊಂದರೆಯಾಗಬಾರದೆಂದು ಸುಪ್ರೀಂ ಕೋರ್ಟು 2020ರ ಮಾರ್ಚ್ 15ರಿಂದ 2022ರ ಫೆಬ್ರವರಿ 28ರವರೆಗಿನ ಕಾಲವನ್ನು ಲೆಕ್ಕದಿಂದಲೇ ತೆಗೆದುಹಾಕಿತು. ಕಾನೂನಿನ ಕ್ಯಾಲೆಂಡರಿನಲ್ಲಿ ಆ ಎರಡು ವರ್ಷ ಇಲ್ಲ. ಅದು ಸರಿಯಾದ ಆದೇಶವೇ. ಆದರೆ ದೌರ್ಜನ್ಯ ಪ್ರಕರಣದ ಸಾಕ್ಷಿಗೆ ಆ ಎರಡು ವರ್ಷ ಇತ್ತು. ಆರೋಪಿಯ ಹೊಲದಲ್ಲೇ ಕೂಲಿ, ಆರೋಪಿಯ ಅಂಗಡಿಯಲ್ಲೇ ಸಾಲ, ಕೋರ್ಟು ಯಾವಾಗ ಅಂದರೆ ಯಾರಿಗೂ ಗೊತ್ತಿಲ್ಲ. ಹಸಿದ ಕಾಲದಲ್ಲಿ ರಾಜಿ ಅನ್ನೋ ಮಾತು ಸುಲಭವಾಗಿ ಒಳಗೆ ಬರುತ್ತದೆ. ವಿಳಂಬ ನಮ್ಮ ಪ್ರಕರಣಗಳಿಗೆ ಏನು ಮಾಡುತ್ತದೆ ಅಂತ ತಿಳಿಯಲು ಕೊರೊನಾವೇ ಬೇಕಿರಲಿಲ್ಲ. ಕಂಬಾಲಪಲ್ಲಿಯಲ್ಲಿ 2000ದ ಮಾರ್ಚ್ 11ರಂದು ಏಳು ದಲಿತರನ್ನು ಸುಟ್ಟರು. ಸಾಕ್ಷಿಗಳು ತಿರುಗಿಬಿದ್ದರು, 2006ರಲ್ಲಿ ಆರೋಪಿಗಳು ಬಿಡುಗಡೆ, 2014ರಲ್ಲಿ ಹೈಕೋರ್ಟು ಅದನ್ನೇ ಎತ್ತಿಹಿಡಿಯಿತು. ಕೊಪ್ಪಳದ ಮರಕುಂಬಿಯಲ್ಲಿ 2014ರ ಪ್ರಕರಣಕ್ಕೆ 2024ರಲ್ಲಿ ನೂರೊಂದು ಜನರಿಗೆ ಶಿಕ್ಷೆಯಾಯಿತು. ಹತ್ತು ವರ್ಷ ಸಾಕ್ಷಿಗಳು ಹೇಗೆ ನಿಂತರು ಅನ್ನೋದೇ ಅಲ್ಲಿನ ದೊಡ್ಡ ಕಥೆ. ಅದನ್ನು ಬರೆಯುವವರು ಬೇಕು.

ಸಾಕ್ಷಿಯ ಮಾತು ಬಂದದ್ದರಿಂದ 'ಕುಸುಮಬಾಲೆ' ಬಗ್ಗೆ ಒಂದು ಮಾತು. ಅದರ ನಡುವಿನಲ್ಲಿ ಇರುವುದು ಕೊಲೆ. ಚೆನ್ನನ ಕೊಲೆ. ಆದರೆ ಆ ಕಥೆಯನ್ನು ಹೇಳುವವರು ಯಾರು? ರಾತ್ರಿ ಕೂಡುವ ಜೋತಮ್ಮಗಳು, ಮಾತಾಡುವ ಮಂಚ. ನಮ್ಮ ವಿಮರ್ಶೆ ಇದನ್ನು ಜಾನಪದ ಕಲ್ಪನೆ, ಮಾಂತ್ರಿಕ ವಾಸ್ತವ ಅಂತೆಲ್ಲ ಕರೆದು ಲ್ಯಾಟಿನ್ ಅಮೆರಿಕದವರೆಗೂ ಹೋಗಿ ಬಂದಿತು. ಇಷ್ಟು ದೂರ ಹೋಗುವ ಬದಲು ಕೊಳ್ಳೇಗಾಲದ ಕೋರ್ಟಿನ ಹೊಂಗೆಮರದ ಕೆಳಗೆ ಅರ್ಧ ದಿನ ಕೂತಿದ್ದರೂ ಸಾಕಿತ್ತು. ಮನುಷ್ಯರು ಸಾಕ್ಷಿ ಹೇಳಲಾರದ ಊರಿನಲ್ಲಿ ದೀಪ, ಮಂಚಗಳು ಹೇಳಬೇಕಾಗುತ್ತದೆ. ನಾನು ಓದುವಂತೆ ಅದು ಕಲ್ಪನೆಯ ಐಶ್ವರ್ಯಕ್ಕಿಂತ ಹೆಚ್ಚಾಗಿ ಕಾನೂನಿನ ಬಡತನ. ಕೆಲವು ಗೆಳೆಯರು ಇದಕ್ಕೆ ಸಿಟ್ಟಾಗುತ್ತಾರೆ. ದೊಡ್ಡ ಕೃತಿಯನ್ನು ಠಾಣೆಯ ಡೈರಿಗೆ ಇಳಿಸುತ್ತೀಯ ಅನ್ನುತ್ತಾರೆ. ಇಳಿಸುವುದು ಅನ್ನುವಲ್ಲೇ ತಕರಾರು ಇದೆ. ಠಾಣೆಯ ಡೈರಿ ಕೆಳಗೆ, ಕಾವ್ಯ ಮೇಲೆ ಅನ್ನೋ ಏಣಿ ಯಾರದು? ದಲಿತ ಸಂಘರ್ಷ ಸಮಿತಿಯ ದಿನಗಳಲ್ಲಿ ಹಾಡು ಕಟ್ಟಿದ ಕೈಯೇ ಕರಪತ್ರ ಬರೆದಿತ್ತು, ತಹಸೀಲ್ದಾರರಿಗೆ ಅರ್ಜಿ ಬರೆದಿತ್ತು. ಹಾಡುಗಳು ಪಠ್ಯಪುಸ್ತಕಕ್ಕೆ ಬಂದವು. ಅರ್ಜಿಗಳು ಕಚೇರಿಯ ಅಟ್ಟದಲ್ಲಿ ಗೆದ್ದಲು ಹಿಡಿದವು.

ಇದೆಲ್ಲ ಒಟ್ಟಿಗೆ ಬಂದು ನಿಲ್ಲುವ ಜಾಗ 2021ರ ಮೇ 2ರ ರಾತ್ರಿ. ಎರಡನೇ ಅಲೆ. ಕೊಳ್ಳೇಗಾಲ, ಹನೂರು, ಯಳಂದೂರಿನ ಜನಕ್ಕೆ ಕಾಯಿಲೆ ಬಿಗಡಾಯಿಸಿದರೆ ಇದ್ದದ್ದು ಚಾಮರಾಜನಗರದ ಜಿಲ್ಲಾಸ್ಪತ್ರೆ. ಆ ರಾತ್ರಿಯಿಂದ ಮಾರನೆಯ ದಿನಕ್ಕೆ ಅಲ್ಲಿ 24 ಜನ ಸತ್ತರು. ಆಕ್ಸಿಜನ್ ಇರಲಿಲ್ಲ. ಸರ್ಕಾರ ಮೊದಲು ಹೇಳಿದ್ದು, ಆಕ್ಸಿಜನ್ ಕೊರತೆಯಿಂದ ಸತ್ತವರು ಮೂವರು ಮಾತ್ರ. ಹೈಕೋರ್ಟು ನಿವೃತ್ತ ನ್ಯಾಯಮೂರ್ತಿ ಎ.ಎನ್. ವೇಣುಗೋಪಾಲಗೌಡರ ನೇತೃತ್ವದಲ್ಲಿ ಸಮಿತಿ ಮಾಡಿತು. ಅದು ಅದೇ ತಿಂಗಳು ವರದಿ ಕೊಟ್ಟಿತು. ಆಕ್ಸಿಜನ್ ಕೊರತೆಯೇ ಸಾವಿಗೆ ಕಾರಣ ಎಂದಿತು, ಜಿಲ್ಲಾಡಳಿತದ ವೈಫಲ್ಯವನ್ನು ಗುರುತಿಸಿತು. ಸರ್ಕಾರದ ಕಡೆಯಿಂದ ಬೇರೆ ಆಯೋಗ, ಮನೆಗಳಿಗೆ ಪರಿಹಾರದ ಹಣ. 2021ರ ಜುಲೈ 20ರಂದು ಕೇಂದ್ರ ಸರ್ಕಾರ ರಾಜ್ಯಸಭೆಯಲ್ಲಿ ಉತ್ತರಿಸಿದ್ದರ ತಾತ್ಪರ್ಯ ಇಷ್ಟು: ಆಕ್ಸಿಜನ್ ಕೊರತೆಯಿಂದಲೇ ಸತ್ತರೆಂದು ರಾಜ್ಯಗಳು ನಿರ್ದಿಷ್ಟವಾಗಿ ವರದಿ ಮಾಡಿಲ್ಲ. ಅಂದರೆ ಹೈಕೋರ್ಟಿನ ಸಮಿತಿಯ ವರದಿ ಬಂದು ಎರಡು ತಿಂಗಳಾದ ಮೇಲೂ ಸಂಸತ್ತಿನ ಕಡತದಲ್ಲಿ ಆ ಇಪ್ಪತ್ತನಾಲ್ಕು ಜನ ಆ ಕಾರಣದಿಂದ ಸತ್ತಿರಲಿಲ್ಲ.

ಇಲ್ಲಿ ವ್ಯಾಕರಣವನ್ನು ಸ್ವಲ್ಪ ನೋಡಬೇಕು. ನಮ್ಮ ಕಡೆಯ ಹುಡುಗನ ಮೇಲೆ 188 ಬರೆಯುವಾಗ ಎಫ್‌ಐಆರ್‌ನ ವಾಕ್ಯಕ್ಕೆ ಕರ್ತೃ ಇರುತ್ತಾನೆ. ಸದರಿ ಆಸಾಮಿಯು ಆದೇಶವನ್ನು ಉಲ್ಲಂಘಿಸಿ ತಿರುಗಾಡುತ್ತಿದ್ದನು. ಹೆಸರು, ತಂದೆ ಹೆಸರು, ವಯಸ್ಸು, ಜಾತಿ, ಕಸುಬು, ವಾಸ. ಆಸ್ಪತ್ರೆಯ ವಾಕ್ಯಕ್ಕೆ ಕರ್ತೃ ಇಲ್ಲ. ಕೊರತೆ ಉಂಟಾಗಿದೆ. ವ್ಯತ್ಯಯವಾಗಿದೆ. ಸಾವು ಸಂಭವಿಸಿದೆ. ಕೊರತೆಗೆ ತಂದೆ ಹೆಸರಿಲ್ಲ, ಕಸುಬಿಲ್ಲ, ವಾಸವಿಲ್ಲ. ನಾವು ಕಾಲೇಜುಗಳಲ್ಲಿ ಕರ್ತರಿ ಪ್ರಯೋಗ, ಕರ್ಮಣಿ ಪ್ರಯೋಗ ಅಂತ ಪಾಠ ಮಾಡುತ್ತೇವೆ. ಯಾರು ಕರ್ತರಿಯಲ್ಲಿ ಸಿಕ್ಕಿಬೀಳುತ್ತಾರೆ, ಯಾರು ಭಾವವಾಚಕದಲ್ಲಿ ತಪ್ಪಿಸಿಕೊಳ್ಳುತ್ತಾರೆ ಎಂಬ ಪಾಠವನ್ನು ಸಿಲಬಸ್ಸಿನಲ್ಲಿ ಇಟ್ಟಿಲ್ಲ.

ಸತ್ತವರೆಲ್ಲ ದಲಿತರೆಂದು ನಾನು ಹೇಳುತ್ತಿಲ್ಲ. ಎಲ್ಲ ಜಾತಿಯವರೂ ಇದ್ದರು. ಆದರೆ ಮೈಸೂರಿನ ಖಾಸಗಿ ಆಸ್ಪತ್ರೆಗೆ ಕಾರು ಮಾಡಿಕೊಂಡು ಹೋಗಬಲ್ಲವರು ಆ ರಾತ್ರಿ ಅಲ್ಲಿ ಇರಲಿಲ್ಲ. ಇದನ್ನು ಹೇಳಬೇಕಾದದ್ದು ಯಾಕೆಂದರೆ ದಲಿತ ವಿಮರ್ಶೆಯನ್ನು ದಲಿತರ ಬಗ್ಗೆ ಮಾತ್ರ ಬರೆಯುವ ವಿಮರ್ಶೆ ಅಂತ ಮೂಲೆಗೆ ಕೂರಿಸುವವರಿದ್ದಾರೆ. ಕೇರಿಯಿಂದ ಕಲಿತ ಓದು ಆ ಆಸ್ಪತ್ರೆಯ ಎಲ್ಲ ಹಾಸಿಗೆಗಳಿಗೂ ಬೇಕಾಗಿದೆ. ಸಾಕವ್ವನ ಮನೆಯಲ್ಲಿ ಕಡಲೆಕಾಯಿ ಸಿಪ್ಪೆಯನ್ನು ಬೆಂಕಿಗೆ ಹಾಕಿದ್ದು ಸಾಕ್ಷ್ಯನಾಶ ಅಂತ ಯಾವ ಪೋಲೀಸನಾದರೂ ಬರೆಯುತ್ತಾನೆ. ಜಿಲ್ಲಾಸ್ಪತ್ರೆಯಲ್ಲಿ ಎಷ್ಟು ಸಿಲಿಂಡರ್ ಬೇಕಿತ್ತು, ಎಷ್ಟು ಬಂದವು, ಯಾರು ಯಾರಿಗೆ ಎಷ್ಟು ಹೊತ್ತಿಗೆ ಫೋನು ಮಾಡಿದರು ಅನ್ನೋ ಪುಟಗಳಿಗೆ ಸಾಕ್ಷ್ಯ ಅನ್ನೋ ಹೆಸರು ಬರಬೇಕಾದರೆ ಹೈಕೋರ್ಟೇ ಇಳಿದುಬರಬೇಕಾಯಿತು.

1897ರ ಆ ನಾಲ್ಕನೇ ಕಲಮು ಒಂದೇ ಕಡೆ ಉಳಿದಿಲ್ಲ. 2005ರ ವಿಪತ್ತು ನಿರ್ವಹಣಾ ಕಾಯ್ದೆಯಲ್ಲೂ ಸದ್ಭಾವನೆಯ ರಕ್ಷಣೆ ಇದೆ. ಕರ್ನಾಟಕ 2020ರಲ್ಲಿ ತನ್ನದೇ ಸಾಂಕ್ರಾಮಿಕ ರೋಗಗಳ ಕಾಯ್ದೆ ಮಾಡಿಕೊಂಡು ಶಿಕ್ಷೆಯನ್ನು ಏರಿಸಿತು. ಆಶಾ ಕಾರ್ಯಕರ್ತೆಯರಿಗೆ, ವೈದ್ಯರಿಗೆ, ದಾದಿಯರಿಗೆ ಹೊಡೆದವರ ಮೇಲೆ ಕ್ರಮ ಆಗಬೇಕಾದದ್ದೇ. ಆಶಾ ಕೆಲಸದಲ್ಲಿ ನಮ್ಮ ಮನೆಯ ಹೆಣ್ಣುಮಕ್ಕಳೇ ಇದ್ದಾರೆ. ಆದರೆ ಸದ್ಭಾವನೆ ಅನ್ನೋ ಪದದ ಅರ್ಥವನ್ನು ಯಾರು ನಿರ್ಧರಿಸಬೇಕು? ಮೂರು ಅಂದದ್ದು ಸದ್ಭಾವನೆಯೇ? ಈ ಪದದ ಮೇಲೆ ಒಂದು ವಿಚಾರ ಸಂಕಿರಣವೂ ನಮ್ಮ ಕನ್ನಡ ವಿಭಾಗಗಳಲ್ಲಿ ನಡೆದದ್ದನ್ನು ನಾನು ಕಂಡಿಲ್ಲ. ರಸದ ಬಗ್ಗೆ ಪ್ರತಿವರ್ಷ ನಡೆಯುತ್ತದೆ.

ಈ ಸಂಚಿಕೆಯನ್ನು ಓದುವ ವಿದ್ಯಾರ್ಥಿಗಳಲ್ಲಿ ಈ ಮೂರು ತಾಲ್ಲೂಕಿನವರೂ ಇರುತ್ತೀರಿ. ನಿಮ್ಮ ಮನೆಯ ಸೂರಿನ ಗಳಕ್ಕೋ ಟ್ರಂಕಿನೊಳಕ್ಕೋ ಸಿಕ್ಕಿಸಿಟ್ಟ 2020, 2021ರ ಕಾಗದಗಳಿರುತ್ತವೆ. ಬೈಕು ಬಿಡಿಸಿಕೊಂಡ ರಸೀತಿ, ಕೋರ್ಟಿನ ಮುಂದೂಡಿಕೆಯ ಚೀಟಿ, ಪಾಸಿಗೆ ಹಾಕಿದ ಅರ್ಜಿಯ ನಕಲು, ಆಸ್ಪತ್ರೆಯ ದಾಖಲು ಪತ್ರ, ಮರಣ ಪ್ರಮಾಣಪತ್ರ. ಪ್ರಮಾಣಪತ್ರದಲ್ಲಿ ಕಾರಣದ ಜಾಗ ಇದೆಯೋ ಇಲ್ಲವೋ, ಆಸ್ಪತ್ರೆಯ ಹಾಳೆಯಲ್ಲಿ ಕಾರಣದ ಮುಂದೆ ಏನು ಬರೆದಿದ್ದಾರೆ, ಯಾವ ಪೆನ್ನಿನಲ್ಲಿ ಬರೆದಿದ್ದಾರೆ ನೋಡಿ. ಮನೆಯವರನ್ನು ಕೂರಿಸಿಕೊಂಡು ಆ ದಿನ ಏನೇನಾಯ್ತು ಅಂತ ಅವರ ಮಾತಿನಲ್ಲೇ ಬರೆದುಕೊಳ್ಳಿ. ಎರಡನ್ನೂ ಪಕ್ಕಪಕ್ಕ ಇಟ್ಟು ಒಡಲಾಳವನ್ನು ಇನ್ನೊಂದು ಸಲ ಓದಿ.